ತೂಬು ಎತ್ತೋರು ಯಾರು? ನೀರುಗಂಟಿಯಿಂದ ಕ್ರಾನ್‌ವರೆಗೆ

ಮೈಸೂರು ಸೀಮೆಯ ಹಳೆಯ ಗೆಜೆಟಿಯರ್‌ಗಳಲ್ಲಿ ಊರಿನ ಹನ್ನೆರಡು ಆಯಗಾರರ ಪಟ್ಟಿ ಬರುತ್ತೆ. ಗೌಡ, ಶಾನುಭೋಗ, ಪಂಚಾಂಗದವರು, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ ಹೀಗೆ. ಊರಿಂದೂರಿಗೆ ಒಂದೆರಡು ಹೆಸರು ಆಚೀಚೆ ಆಗುತ್ತೆ ಅಷ್ಟೆ. ಆ ಪಟ್ಟಿಯಲ್ಲಿ ನೀರುಗಂಟಿ ಅಂತ ಒಬ್ಬ ಇರ್ತಾನೆ. ಕೆರೆಯ ತೂಬು ಎತ್ತೋದು, ಇಳಿಸೋದು, ಸರದಿ ಪ್ರಕಾರ ಗದ್ದೆಗೆ ನೀರು ಬಿಡೋದು ಅವನ ಕೆಲಸ. ರೈತ ಮನೇಲಿ ಮಲಗಿರ್ತಾನೆ, ಅವನ ಗದ್ದೆಗೆ ನೀರು ಹೋಗ್ತಿರುತ್ತೆ. ಬೆಳಗ್ಗೆ ಎದ್ದು ನೋಡಿದರೆ ಪಾತಿ ತುಂಬಿರುತ್ತೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಅಂತ ಯಾರೂ ಕೇಳಲ್ಲ. ಪಾತಿ ಒಣಗಿದ್ದರೆ ಮಾತ್ರ ಇಡೀ ಊರಿಗೆ ನೀರುಗಂಟಿಯ ನೆನಪಾಗುತ್ತೆ.

ನೀವು ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ಈ ಮನುಷ್ಯನ ಪರಿಚಯ ನಿಮಗೆ ಇದ್ದೇ ಇದೆ. ಆ್ಯಪ್‌ನಲ್ಲಿ ಗುಂಡಿ ಒತ್ತಿದಾಗ ತಕ್ಷಣ ಆಗೋ ಕೆಲಸ ಒಂದು ಥರ. ಯಾರೂ ಒತ್ತದೆ ಇದ್ದರೂ ಹೊತ್ತಿಗೆ ಸರಿಯಾಗಿ ಆಗಲೇಬೇಕಾದ ಕೆಲಸ ಇನ್ನೊಂದು ಥರ. ರಾತ್ರಿ ಬಡ್ಡಿ ಲೆಕ್ಕ ಹಾಕೋದು, ಕಂತಿನ ಹಿಂದಿನ ದಿನ ಮೆಸೇಜು ಕಳಿಸೋದು, ಅವಧಿ ಮುಗಿದ ಒಟಿಪಿಗಳನ್ನ ಅಳಿಸೋದು, ಸೋಮವಾರ ಬೆಳಗ್ಗೆ ಮ್ಯಾನೇಜರ್ ಕೈಗೆ ವರದಿ ಮುಟ್ಟಿಸೋದು ಇವೆಲ್ಲ ಎರಡನೇ ಥರದವು. ನಾವು ಅದಕ್ಕೆ ಶೆಡ್ಯೂಲ್ಡ್ ಬ್ಯಾಕ್‌ಗ್ರೌಂಡ್ ಟಾಸ್ಕ್ ಅಂತ ದೊಡ್ಡ ಹೆಸರಿಟ್ಟಿದ್ದೀವಿ. ತೂಬು ಎತ್ತೋದು ಅಂದರೂ ನಡೆಯುತ್ತೆ.

ಈ ಥರದ ಕೆಲಸಕ್ಕೆ ಯಾವ ಕಾಲದಲ್ಲೂ ನಾಲ್ಕೇ ಪ್ರಶ್ನೆ. ಯಾವ ಗಡಿಯಾರ ನೋಡಿ ಮಾಡಬೇಕು? ಒಂದೇ ಕೆಲಸ ಎರಡು ಸಲ ಆದರೆ ಏನು ಗತಿ? ತಪ್ಪಿಹೋದರೆ ಆಮೇಲೆ ಮಾಡಬೇಕಾ? ಕೊನೆಯದು, ಕಷ್ಟದ್ದು: ಮಾಡೋರು ಯಾರು, ಅವರಿಗೆ ಕೊಡೋದೇನು? ಕಂಪ್ಯೂಟರ್ ಜಗತ್ತು ಈ ಪ್ರಶ್ನೆಗಳನ್ನ ಸುಮಾರು 45 ವರ್ಷದಲ್ಲಿ ಒಂದೊಂದಾಗಿ ಎದುರಿಸಿತು. ಕೊಳ್ಳೇಗಾಲ, ಹನೂರು, ಯಳಂದೂರಿನ ಜನ ಅದಕ್ಕೂ ಎಷ್ಟೋ ಮುಂಚೆ ಇವಕ್ಕೆಲ್ಲ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಮೊದಲ ಮೂರಕ್ಕೆ ಅವರ ಉತ್ತರ ಚೆನ್ನಾಗಿತ್ತು. ನಾಲ್ಕನೆಯದಕ್ಕೆ ಚೆನ್ನಾಗಿರಲಿಲ್ಲ. ಈ ಎರಡು ಚರಿತ್ರೆಗಳನ್ನ ಪಕ್ಕಪಕ್ಕ ಇಟ್ಟು ಓದಿದರೆ ನಮ್ಮ ಆಫೀಸಿನ ಕೆಲವು ಅಭ್ಯಾಸಗಳೂ ಸ್ಪಷ್ಟವಾಗಿ ಕಾಣ್ತವೆ.

ಐದು ಚುಕ್ಕಿಗಳಲ್ಲಿ ಹಿಡಿಯದ ಅಮಾವಾಸ್ಯೆ

1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ ಯೂನಿಕ್ಸ್‌ನ ಏಳನೇ ಆವೃತ್ತಿ ಹೊರಗೆ ಬಂತು. ಅದರಲ್ಲಿ ಕ್ರಾನ್ ಅನ್ನೋ ಪುಟ್ಟ ಪ್ರೋಗ್ರಾಂ ಇತ್ತು. ಕಾಲ ಅನ್ನೋ ಅರ್ಥದ ಗ್ರೀಕ್ ಪದ ಕ್ರೋನೋಸ್‌ನಿಂದ ಬಂದ ಹೆಸರು. ಅದು ಮಾಡ್ತಿದ್ದದ್ದು ಇಷ್ಟೇ: ನಿಮಿಷಕ್ಕೊಮ್ಮೆ ಏಳೋದು, ಒಂದು ಕಡತ ತೆಗೆದು ಓದೋದು, ಈ ನಿಮಿಷಕ್ಕೆ ಏನಾದರೂ ಕೆಲಸ ಬರೆದಿದೆಯಾ ನೋಡೋದು, ಇದ್ದರೆ ಮಾಡೋದು, ಮತ್ತೆ ಮಲಗೋದು. ಆ ಕಡತದ ಪ್ರತಿ ಸಾಲಿನಲ್ಲಿ ಐದು ಮನೆ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಯಾವ ಮನೆಯಲ್ಲಿ ನಕ್ಷತ್ರದ ಗುರುತು ಇದ್ದರೂ ‘ಯಾವುದಾದರೂ ಸರಿ’ ಅಂತ ಅರ್ಥ. ಐದರಲ್ಲೂ ನಕ್ಷತ್ರ ಇದ್ದರೆ ಪ್ರತಿ ನಿಮಿಷವೂ ಮಾಡು ಅಂತ. ಇವತ್ತಿಗೂ ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳು ನಡೀತಿರೋದು ಇದೇ ಐದು ಮನೆಯ ಲಿಪಿಯಲ್ಲಿ.

ವಾರದ ಸಂತೆಯನ್ನ ಇದರಲ್ಲಿ ಸಲೀಸಾಗಿ ಬರೀಬಹುದು. ಐದನೇ ಮನೆಗೆ ವಾರದ ಅಂಕಿ ಹಾಕಿದರೆ ಮುಗೀತು. ಸಂತೆಯ ವಿಷಯದಲ್ಲಿ ಇನ್ನೊಂದು ಜಾಣತನವೂ ಇದೆ. ಅಕ್ಕಪಕ್ಕದ ಊರಿನ ಸಂತೆಗಳು ಸಾಮಾನ್ಯವಾಗಿ ಒಂದೇ ದಿನ ಬೀಳಲ್ಲ. ಈ ಊರಿಗೆ ಒಂದು ವಾರ, ಆ ಊರಿಗೆ ಇನ್ನೊಂದು ವಾರ. ಮೆಣಸಿನಕಾಯಿ ಮಾರೋನು, ಬಳೆ ಮಾರೋನು, ಬೆಲ್ಲದ ವ್ಯಾಪಾರಿ ಒಬ್ಬೊಬ್ಬರೇ ಎಲ್ಲ ಸಂತೆಯನ್ನೂ ಸುತ್ತಬೇಕಲ್ಲ. ನಾವು ಇದಕ್ಕೆ ತದ್ವಿರುದ್ಧ. ಎಲ್ಲ ಕೆಲಸವನ್ನೂ ರಾತ್ರಿ ಹನ್ನೆರಡಕ್ಕೆ ಹಾಕ್ತೀವಿ. ಹನ್ನೆರಡು ಹೊಡೆದ ಕೂಡಲೇ ಎಲ್ಲ ಒಟ್ಟಿಗೆ ಎದ್ದು ಡೇಟಾಬೇಸ್ ಮೇಲೆ ಬೀಳ್ತವೆ. ಹನ್ನೆರಡೂ ಹತ್ತಕ್ಕೆ ಒಂದು, ಹನ್ನೆರಡೂ ಇಪ್ಪತ್ತೈದಕ್ಕೆ ಒಂದು ಅಂತ ಹಂಚಿದರೆ ಏನೂ ಕಳ್ಕೊಳ್ಳಲ್ಲ. ಸಂತೆ ನಿಗದಿ ಮಾಡಿದೋರಿಗೆ ಇದು ಗೊತ್ತಿತ್ತು.

ಸಂತೆ ಸುಲಭ, ಜಾತ್ರೆ ಕಷ್ಟ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೆ ಅಮಾವಾಸ್ಯೆ ಅಂದರೆ ಜನ ಕಿಕ್ಕಿರಿದು ಸೇರ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ದೊಡ್ಡ ಜಾತ್ರೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಆ ದಿನ ನಿಂತು ನೋಡಿ, ಮಾದಪ್ಪನ ಬೆಟ್ಟಕ್ಕೆ ವಿಶೇಷ ಬಸ್ಸು ಒಂದರ ಹಿಂದೆ ಒಂದು ಹೊರಡ್ತಿರ್ತವೆ. ಈಗ ಯೋಚನೆ ಮಾಡಿ: ‘ಪ್ರತಿ ಅಮಾವಾಸ್ಯೆಗೆ ವಿಶೇಷ ಬಸ್ಸು ಬಿಡು’ ಅನ್ನೋದನ್ನ ಕ್ರಾನ್‌ನಲ್ಲಿ ಹೇಗೆ ಬರೀತೀರಿ? ಬರೆಯೋಕಾಗಲ್ಲ. ಆ ಐದು ಮನೆಯಲ್ಲಿ ಚಂದ್ರನಿಗೆ ಒಂದು ಮನೆ ಇಲ್ಲ.

ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಂಗೇ ಬಿಟ್ಟರೆ ದೀಪಾವಳಿ ವರ್ಷ ವರ್ಷ ಹಿಂದೆ ಸರಿದು ಸರಿದು ಮಳೆಗಾಲಕ್ಕೆ ಬಂದುಬಿಡುತ್ತೆ. ಅದಕ್ಕೇ ಸುಮಾರು ಮೂವತ್ತೆರಡು, ಮೂವತ್ಮೂರು ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸ್ತಾರೆ. 2022ರಲ್ಲಿ ದೀಪಾವಳಿ ಅಕ್ಟೋಬರ್ 24ಕ್ಕೆ ಬಂತು. 2023ರಲ್ಲಿ ಅಧಿಕ ಶ್ರಾವಣ ಬಿದ್ದ ಕಾರಣ ನವೆಂಬರ್ 12ಕ್ಕೆ ಹೋಯ್ತು. 2024ರಲ್ಲಿ ಮತ್ತೆ ಅಕ್ಟೋಬರ್ ಕೊನೆಗೆ ಬಂತು. ನಾವು ಫೆಬ್ರವರಿಗೆ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸಿ ಸುಸ್ತಾಗ್ತೀವಿ. ಪಂಚಾಂಗದವರು ಇಡೀ ತಿಂಗಳನ್ನೇ ಸೇರಿಸಿ, ಜಾತ್ರೆ ತಪ್ಪದ ಹಾಗೆ ನೋಡಿಕೊಂಡರು.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ್ದು ಇನ್ನೂ ಮಜಾ. ಅಲ್ಲಿ ಎರಡು ಜಾತ್ರೆ. ಚಿಕ್ಕ ಜಾತ್ರೆ ಸಂಕ್ರಾಂತಿಯ ಸಮಯದಲ್ಲಿ, ದೊಡ್ಡ ಜಾತ್ರೆ ವೈಶಾಖದಲ್ಲಿ. ಸಂಕ್ರಾಂತಿ ಸೂರ್ಯನ ಲೆಕ್ಕ, ಹೆಚ್ಚೂಕಮ್ಮಿ ಜನವರಿ 14, 15ರಲ್ಲೇ ಇರುತ್ತೆ. ವೈಶಾಖ ಚಂದ್ರನ ಲೆಕ್ಕ, ಅದು ಓಡಾಡುತ್ತೆ. ಒಂದೇ ದೇವಸ್ಥಾನ, ಎರಡು ಕ್ಯಾಲೆಂಡರು, ಗೊಂದಲ ಮಾತ್ರ ಇಲ್ಲ. ಅದೇ ರಂಗನಾಥನಿಗೆ ಬೂದಿತಿಟ್ಟು ಗ್ರಾಮದವರು ಎರಡು ವರ್ಷಕ್ಕೊಮ್ಮೆ ಚರ್ಮದ ದೊಡ್ಡ ಪಾದುಕೆ ಮಾಡಿ ಒಪ್ಪಿಸೋ ಪದ್ಧತಿ ಇದೆ. ‘ಎರಡು ವರ್ಷಕ್ಕೊಮ್ಮೆ’ ಅನ್ನೋದನ್ನೂ ಕ್ರಾನ್‌ನಲ್ಲಿ ಬರೆಯೋಕಾಗಲ್ಲ, ಯಾಕಂದರೆ ವರ್ಷಕ್ಕೂ ಅಲ್ಲಿ ಮನೆ ಇಲ್ಲ.

ಇನ್ನೂ ಒಂದು ಕೊಂಕು ಹೇಳಿಬಿಡ್ತೀನಿ. ಸೋಮವಾರವೇ ಅಮಾವಾಸ್ಯೆ ಬಂದರೆ ಭಕ್ತರಿಗೆ ಅದು ವಿಶೇಷ. ಎರಡೂ ಕೂಡಿ ಬರಬೇಕು. ಇವತ್ತು ಬಳಕೆಯಲ್ಲಿರೋ ಸಾಮಾನ್ಯ ಕ್ರಾನ್‌ಗೆ ತಾರೀಖು 13, ವಾರ ಶುಕ್ರ ಅಂತ ಎರಡೂ ಕೊಟ್ಟು ನೋಡಿ. ಕೂಡಿ ಬರೋ ತನಕ ಅದು ಕಾಯಲ್ಲ. ಹದಿಮೂರನೇ ತಾರೀಖೂ ಓಡುತ್ತೆ, ಪ್ರತಿ ಶುಕ್ರವಾರವೂ ಓಡುತ್ತೆ.

ಹಾಗಾದರೆ ದಾರಿ? ಪಂಚಾಂಗದ ದಾರಿಯೇ. ದಿನಕ್ಕೊಮ್ಮೆ ಓಡೋ ಒಂದು ಕೆಲಸ ಬರೆದು, ಅದರೊಳಗೆ ‘ಇವತ್ತು ಪಟ್ಟಿಯಲ್ಲಿದೆಯಾ?’ ಅಂತ ಕೇಳೋದು. ಪಟ್ಟಿಯನ್ನ ವರ್ಷಕ್ಕೊಮ್ಮೆ ತಿಳಿದವರು ಮಾಡಿಕೊಡಬೇಕು. ಯುಗಾದಿಯ ದಿನ ಪಂಚಾಂಗ ಓದಿಸಿ ಕೇಳೋದು ಅಂದರೆ ವರ್ಷದ ಕಾನ್ಫಿಗ್ ಫೈಲನ್ನ ಊರಿನೆದುರು ಜೋರಾಗಿ ಓದಿ ಒಪ್ಪಿಗೆ ಪಡೆದ ಹಾಗೆ.

ಜ್ವರಕ್ಕೆ ಕೂತ ಹುಳು

ಮೊದಲನೇ ಕ್ರಾನ್‌ಗೆ ಒಂದು ತೊಂದರೆ ಇತ್ತು. ನಿಮಿಷ ನಿಮಿಷಕ್ಕೂ ಎದ್ದು ಕಡತ ಓದೋದು ಆಗಿನ ಯಂತ್ರಗಳಿಗೆ ಭಾರ. ಒಬ್ಬರ ಕಡತ ಆದರೆ ಪರವಾಗಿಲ್ಲ. ಒಂದೇ ಕಂಪ್ಯೂಟರನ್ನ ನೂರಾರು ಜನ ಹಂಚಿಕೊಂಡು ಬಳಸೋ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಒಂದೊಂದು ಪಟ್ಟಿ ಕೊಟ್ಟರೆ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ರೌನ್ ಅನ್ನೋರು ಇದನ್ನ ತಿದ್ದಿದರು. ಎಲ್ಲ ಕೆಲಸವನ್ನೂ ಮುಂದಿನ ಹೊತ್ತಿನ ಪ್ರಕಾರ ಸಾಲಾಗಿ ನಿಲ್ಲಿಸು, ಮೊದಲನೆಯದರ ಹೊತ್ತು ಬರೋವರೆಗೂ ನಿದ್ದೆ ಮಾಡು, ಆಮೇಲೆ ಏಳು. ಆ ಸಾಲಿನ ಲೆಕ್ಕಾಚಾರವನ್ನ ಅವರು ತೆಗೆದುಕೊಂಡಿದ್ದು ಫ್ರಾಂಟಾ ಮತ್ತು ಮಾಲಿ 1977ರಲ್ಲಿ ಪ್ರಕಟಿಸಿದ್ದ ಪ್ರಬಂಧದಿಂದ. ಆಮೇಲೆ 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್ ಬಂತು. ಎಷ್ಟೋ ಲಿನಕ್ಸ್‌ಗಳಲ್ಲಿ ಇರೋದು ಅದರ ವಂಶವೇ.

ಆದರೆ ಇವೆಲ್ಲ ಗಡಿಯಾರ ನೋಡಿ ಮಾತ್ರ ಕೆಲಸ ಮಾಡ್ತವೆ. ಕೆಲಸದ ಸ್ಥಿತಿ ಏನಾಗಿದೆ ಅಂತ ನೋಡಲ್ಲ. ಇದು ಸಾಲದು ಅನ್ನೋದು ರೇಷ್ಮೆ ಸಾಕೋ ಮನೆಯಲ್ಲಿ ಬೆಳೆದ ಯಾರಿಗಾದರೂ ಗೊತ್ತು. ಕೊಳ್ಳೇಗಾಲ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಡೀ ಪ್ರೆಸಿಡೆನ್ಸಿಯಲ್ಲಿ ರೇಷ್ಮೆಗೆ ಹೆಸರಾಗಿದ್ದು ಇದೇ ತಾಲ್ಲೂಕು. ಹುಳುವಿಗೆ ದಿನಕ್ಕೆ ಮೂರ್ನಾಲ್ಕು ಸಲ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಇದು ಕ್ರಾನ್ ಲೆಕ್ಕ. ಆದರೆ ಹುಳು ಗೂಡು ಕಟ್ಟೋ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ನಮ್ಮ ಕಡೆ ಅದಕ್ಕೆ ಜ್ವರ ಅಂತೀವಿ. ‘ಹುಳ ಎರಡನೇ ಜ್ವರಕ್ಕೆ ಕೂತವೆ’ ಅಂದರೆ ಸುಮಾರು ಒಂದು ದಿನ ಅವು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರ್ತವೆ. ಆಗ ಸೊಪ್ಪು ಹಾಕಬಾರದು. ಸುಣ್ಣ ಉದುರಿಸಿ ಹಾಸಿಗೆ ಒಣಗಿಸ್ತಾರೆ. ಎಲ್ಲ ಹುಳುವೂ ಒಟ್ಟಿಗೆ ಏಳಲ್ಲ, ಮೊದಲು ಎದ್ದವಕ್ಕೆ ಹಾಕಿಬಿಟ್ಟರೆ ಕೆಲವು ದೊಡ್ಡವು ಕೆಲವು ಸಣ್ಣವು ಆಗಿ ಬೆಳೆ ಏರುಪೇರಾಗುತ್ತೆ. ಬಹುಪಾಲು ಏಳೋವರೆಗೆ ಕಾದು, ಎಲ್ಲಕ್ಕೂ ಒಟ್ಟಿಗೆ ಹಾಕಬೇಕು.

ಅಂದರೆ ಹೊತ್ತು ಬಂದ ಮಾತ್ರಕ್ಕೆ ಕೆಲಸ ಮಾಡೋ ಹಾಗಿಲ್ಲ. ಹೊತ್ತೂ ಬರಬೇಕು, ಹದವೂ ಬರಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ರೊಟ್ಟಿ ಹಬ್ಬವೂ ಹೀಗೇ, ಅದು ರಾಗಿ ಕೊಯ್ಲಿಗೆ ಅಂಟಿಕೊಂಡಿದೆ. ರಾಗಿ ಕೈಗೆ ಬರದೆ ಹೊಸ ರಾಗಿಯ ರೊಟ್ಟಿ ಎಲ್ಲಿಂದ ಬರಬೇಕು? ಇವತ್ತಿನ ಫ್ರೇಮ್‌ವರ್ಕ್‌ಗಳಲ್ಲಿ ಶೆಡ್ಯೂಲ್‌ಗೆ ಷರತ್ತು ಸೇರಿಸೋ ಸೌಲಭ್ಯ ಇದೆ. ‘ಇಂತಿಂಥ ಸ್ಥಿತಿ ಇದ್ದರೆ ಮಾತ್ರ ಓಡಿಸು’, ‘ಹಿಂದಿನದು ಮುಗಿದಿಲ್ಲ ಅಂದರೆ ಹೊಸದನ್ನ ಶುರು ಮಾಡಬೇಡ’ ಅಂತ ಒಂದೊಂದು ಸಾಲಿನಲ್ಲಿ ಹೇಳಬಹುದು. ಇವನ್ನ ಬಳಸದೆ ಬರೀ ಗಂಟೆ ಹಾಕಿಬಿಟ್ಟರೆ ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಸುರಿದ ಹಾಗೆ.

ಕೊಳ್ಳೇಗಾಲದ ಮಧ್ಯಾಹ್ನ ಹನ್ನೆರಡು

ಮೊದಲ ಪ್ರಶ್ನೆಯ ಇನ್ನೊಂದು ಮುಖ: ಹನ್ನೆರಡು ಅಂದರೆ ಯಾವ ಹನ್ನೆರಡು?

ಮದ್ರಾಸಿನಲ್ಲಿ 1792ರಿಂದ ಖಗೋಳ ವೀಕ್ಷಣಾಲಯ ಇತ್ತು. ಅಲ್ಲಿಯ ಸೂರ್ಯನ ಲೆಕ್ಕದ ಮದ್ರಾಸ್ ಟೈಮ್ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಚಿಲ್ಲರೆ ಮುಂದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ರೈಲುಗಳು ಅದೇ ಟೈಮಿನಲ್ಲಿ ಓಡ್ತಿದ್ದವು. 1906ರ ಜನವರಿ 1ಕ್ಕೆ ಭಾರತಕ್ಕೆಲ್ಲ ಒಂದೇ ಟೈಮು, ಐದೂವರೆ ಗಂಟೆ ಅಂತ ಆಯ್ತು. ಇದು ಪೂರ್ವಕ್ಕೆ 82.5 ಡಿಗ್ರಿ ರೇಖಾಂಶದ ಲೆಕ್ಕ. ಕೊಳ್ಳೇಗಾಲ ಇರೋದು ಸುಮಾರು 77.1 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಪ್ರಕಾರ ಲೆಕ್ಕ ಹಾಕಿ: ಗಡಿಯಾರ ಹನ್ನೆರಡು ಹೊಡೆದ ಸುಮಾರು 22 ನಿಮಿಷಕ್ಕೆ ಕೊಳ್ಳೇಗಾಲದ ನೆತ್ತಿ ಮೇಲೆ ಸೂರ್ಯ ಬರ್ತಾನೆ, ಸರಾಸರಿಯಲ್ಲಿ. ನೆರಳು ನೋಡಿ ಹೊತ್ತು ಹೇಳೋ ಅಜ್ಜನಿಗೂ ಕೈಗಡಿಯಾರಕ್ಕೂ ಜಗಳ ಹತ್ತೋದು ಇಲ್ಲೇ.

ಇಲ್ಲಿನ ಗಡಿಗಳೂ ಹಾಗೇ. ಯಳಂದೂರನ್ನ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಮೈಸೂರು ಸಂಸ್ಥಾನ ಜಹಗೀರಾಗಿ ಕೊಟ್ಟಿತ್ತು. ಪಕ್ಕದ ಕೊಳ್ಳೇಗಾಲ ಮದ್ರಾಸ್ ಸರ್ಕಾರದ್ದು. ಬೆಳಗ್ಗೆ ನಡ್ಕೊಂಡು ಹೊರಟರೆ ಮಧ್ಯಾಹ್ನದೊಳಗೆ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋಗಿಬಿಡಬಹುದಿತ್ತು. 1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಮುಂದಿನ ವರ್ಷದ ಮಾರ್ಚ್ 22ಕ್ಕೆ ಭಾರತ ಸರ್ಕಾರ ಶಕ ವರ್ಷದ ರಾಷ್ಟ್ರೀಯ ಪಂಚಾಂಗವನ್ನ ಜಾರಿಗೆ ತಂದಿತು. ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿ ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು 30 ಪಂಚಾಂಗಗಳನ್ನ ನೋಡಿ ಇದನ್ನ ಸೂಚಿಸಿತ್ತು. ರೇಡಿಯೊದಲ್ಲಿ, ಗೆಜೆಟ್‌ನಲ್ಲಿ ಆ ತಾರೀಖು ಬಂತು. ಮಾದಪ್ಪನ ಅಮಾವಾಸ್ಯೆ ತನ್ನ ಪಾಡಿಗೆ ತಾನು ನಡೀತಾ ಹೋಯ್ತು.

ಈ ಹಳೇ ಕಥೆ ಈಗ ಯಾಕೆ ಅಂದರೆ, ನಮ್ಮ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿರ್ತವೆ, ಅಂದರೆ ಹೆಚ್ಚೂಕಮ್ಮಿ ಗ್ರೀನಿಚ್ ಟೈಮ್. ಅಲ್ಲಿ ಒಂದನೇ ತಾರೀಖು ಶುರುವಾಗೋವಾಗ ನಮಗೆ ಬೆಳಗಿನ ಐದೂವರೆ. ಯುಟಿಸಿ ಲೆಕ್ಕದಲ್ಲಿ ತಿಂಗಳ ವರದಿ ತೆಗೆದರೆ, ನಮ್ಮ ಒಂದನೇ ತಾರೀಖಿನ ಮೊದಲ ಐದೂವರೆ ಗಂಟೆಯ ವ್ಯಾಪಾರ ಹಿಂದಿನ ತಿಂಗಳಿಗೆ ಸೇರುತ್ತೆ. ಹಣ ಎಲ್ಲೂ ಹೋಗಿರಲ್ಲ, ಲೆಕ್ಕ ಮಾತ್ರ ಯಾವತ್ತೂ ತಾಳೆ ಆಗಲ್ಲ. ಅಕೌಂಟ್ಸ್‌ನವರು ತಲೆ ಕೆರ್ಕೊಂಡು ಕೂತ್ಕೊಳ್ತಾರೆ. ಆದ್ದರಿಂದ ಶೆಡ್ಯೂಲ್ ಬರೆಯೋವಾಗ ಯಾವ ಊರಿನ ಗಡಿಯಾರ ಅಂತ ಪಕ್ಕದಲ್ಲೇ ಬರೆದುಬಿಡಬೇಕು. ಬಹುಪಾಲು ಫ್ರೇಮ್‌ವರ್ಕ್‌ಗಳಲ್ಲಿ ಅದಕ್ಕೆ ಜಾಗ ಇದೆ.

ತಮಟೆ ಒಂದೇ ಇರಬೇಕು

ವೆಬ್ ಬಂದ ಹೊಸತರಲ್ಲಿ ನಮ್ಮ ಕೋಡ್ ಒಂದು ಕಡೆ, ಕ್ರಾನ್ ಸಾಲು ಇನ್ನೊಂದು ಕಡೆ. ಯಾರೋ ಒಬ್ಬರು ಸರ್ವರ್‌ಗೆ ಲಾಗಿನ್ ಆಗಿ ಒಂದು ಸಾಲು ಬರೆದು ಬರ್ತಿದ್ದರು. ಅದು ಕೋಡಿನ ಜೊತೆ ಎಲ್ಲೂ ಸಿಗ್ತಿರಲಿಲ್ಲ. ಬರೆದೋರು ಕೆಲಸ ಬಿಟ್ಟು ಹೋಗ್ತಾರೆ, ಸರ್ವರ್ ಹಳೇದಾಗುತ್ತೆ, ಹೊಸದಕ್ಕೆ ಎಲ್ಲ ಸಾಗಿಸ್ತಾರೆ, ಆ ಸಾಲು ಮಾತ್ರ ಅಲ್ಲೇ ಉಳಿಯುತ್ತೆ. ಎರಡು ತಿಂಗಳಾದ ಮೇಲೆ ಯಾರೋ ಕೇಳ್ತಾರೆ: ‘ಸೋಮವಾರದ ವರದಿ ಬರ್ತಾನೇ ಇಲ್ವಲ್ಲ?’

ಇದಕ್ಕೆ ಒಬ್ಬೊಬ್ಬರು ಒಂದೊಂದು ಪರಿಹಾರ ಮಾಡಿದರು. ಜಾವಾದವರಿಗೆ 2001ರ ಹೊತ್ತಿಗೆ ಕ್ವಾರ್ಟ್ಜ್ ಬಂತು. ವರ್ಡ್‌ಪ್ರೆಸ್‌ನವರು ಕ್ರಾನ್ ಸಹವಾಸವೇ ಬೇಡ, ಸೈಟಿಗೆ ಯಾರಾದರೂ ಬಂದಾಗಲೇ ಬಾಕಿ ಕೆಲಸ ನೋಡೋಣ ಅಂದರು. ಗಿರಾಕಿ ಬಂದಾಗ ಅಂಗಡಿ ಕಸ ಗುಡಿಸೋ ಹಾಗೆ. ಗಿರಾಕಿಯೇ ಬರದ ಸೈಟಿನಲ್ಲಿ ಕಸ ಹಾಗೇ ಇರುತ್ತೆ. ಪೈಥಾನ್ ಕಡೆ 2009ರಲ್ಲಿ ಸೆಲರಿ ಬಂತು. 2015ರ ಫೆಬ್ರವರಿಯಲ್ಲಿ ಬಂದ ಲಾರಾವೆಲ್ 5ರಲ್ಲಿ ಶೆಡ್ಯೂಲ್ ಪೂರ್ತಿ ಕೋಡಿನೊಳಗೇ ಬಂತು. ಸರ್ವರ್‌ನಲ್ಲಿ ಒಂದೇ ಒಂದು ಸಾಲು, ಐದು ನಕ್ಷತ್ರದ್ದು. ಅದು ನಿಮಿಷಕ್ಕೊಮ್ಮೆ ಎಬ್ಬಿಸುತ್ತೆ, ಮಿಕ್ಕಿದ್ದನ್ನೆಲ್ಲ ಕೋಡೇ ನೋಡ್ಕೊಳ್ಳುತ್ತೆ. ಮಜಾ ನೋಡಿ: 1979ರಲ್ಲಿ ಭಾರ ಆಗಿದ್ದ ನಿಮಿಷಕ್ಕೊಮ್ಮೆ ಏಳೋ ಅಭ್ಯಾಸಕ್ಕೇ ವಾಪಸ್ ಬಂದ್ವಿ, ಯಂತ್ರಗಳು ಅಷ್ಟು ಬಲವಾದವು ಅಂತ. ರೇಲ್ಸ್ 8 ಬಂದಿದ್ದು 2024ರ ನವೆಂಬರ್‌ನಲ್ಲಿ. ಅದರ ಜೊತೆಗೇ ಬರೋ ಸಾಲಿಡ್ ಕ್ಯೂನಲ್ಲಿ ಮರುಕಳಿಸೋ ಕೆಲಸಗಳಿಗೂ ಜಾಗ ಇದೆ. 2025ರ ಡಿಸೆಂಬರ್‌ನ ಜ್ಯಾಂಗೊ 6.0 ಬ್ಯಾಕ್‌ಗ್ರೌಂಡ್ ಕೆಲಸ ಹೇಳೋ ಪದ್ಧತಿಯನ್ನ ಒಳಗೆ ತಂದಿತು, ಅದನ್ನ ನಿಜವಾಗಿ ಓಡಿಸೋ ವರ್ಕರನ್ನ ಮಾತ್ರ ಹೊರಗೇ ಬಿಟ್ಟಿತು.

ಇವುಗಳಲ್ಲಿ ಸೆಲರಿಯ ರಚನೆ ನನಗೆ ತುಂಬಾ ಪರಿಚಿತ ಅನ್ನಿಸುತ್ತೆ. ಅಲ್ಲಿ ಹೊತ್ತು ನೋಡಿ ಸಾರೋದು ಒಂದು ಪ್ರೋಗ್ರಾಂ, ಕೆಲಸ ಮಾಡೋದು ಇನ್ನೊಂದು. ಸಾರೋದರ ಹೆಸರು ಬೀಟ್. ನಮ್ಮ ಕಡೆ ಊರೊಳಗೆ ತಮಟೆ ಹೊಡೆದು ‘ನಾಳೆ ಕಾಲುವೆ ಹೂಳು ತೆಗೆಯೋದದೆ, ಮನೆಗೊಂದಾಳು ಬರಬೇಕು’ ಅಂತ ಸಾರ್ತಿದ್ದರಲ್ಲ, ಥೇಟ್ ಅದೇ. ಸಾರೋನು ಹೂಳು ತೆಗೆಯಲ್ಲ. ಬೀಟ್ ಕೆಲಸವನ್ನ ಸಾಲಿಗೆ ಹಾಕುತ್ತೆ, ಬಿಡುವಾಗಿರೋ ವರ್ಕರ್ ಎತ್ತಿಕೊಳ್ಳುತ್ತೆ. ವರ್ಕರ್ ಎಷ್ಟಾದರೂ ಇರಲಿ, ಬೀಟ್ ಮಾತ್ರ ಒಂದೇ ಇರಬೇಕು ಅಂತ ಸೆಲರಿಯ ಕೈಪಿಡಿಯೇ ಎಚ್ಚರಿಸುತ್ತೆ. ಎರಡು ತಮಟೆ ಎದ್ದರೆ ಪ್ರತಿ ಕೆಲಸವೂ ಎರಡೆರಡು ಸಲ. ಸೈಟ್ ದೊಡ್ಡದಾಗಿ ಒಂದರ ಬದಲು ನಾಲ್ಕು ಸರ್ವರ್ ಮಾಡಿದಾಗ ಆಗೋದು ಇದೇ. ಲಾರಾವೆಲ್‌ನವರು ಇದಕ್ಕಂತಲೇ 2018ರ 5.6ರಲ್ಲಿ ‘ಒಂದೇ ಸರ್ವರ್‌ನಲ್ಲಿ ಓಡಲಿ’ ಅನ್ನೋ ಸೌಲಭ್ಯ ಸೇರಿಸಿದರು.

ಆದರೂ ಎಲ್ಲೋ ಒಮ್ಮೆ ಎರಡು ಸಲ ಆಗೇ ಆಗುತ್ತೆ. ನೆಟ್‌ವರ್ಕ್ ಕೈಕೊಟ್ಟು, ಆಯ್ತೋ ಇಲ್ವೋ ಗೊತ್ತಾಗದೆ ವರ್ಕರ್ ಮತ್ತೆ ಮಾಡುತ್ತೆ. ಗ್ರಾಹಕರ ಕಂತು ಎರಡು ಸಲ ಕಟ್ ಆದರೆ? ಊರ ಹಬ್ಬಕ್ಕೆ ವಂತಿಗೆ ಎತ್ತೋರ ಕೈಲಿ ಒಂದು ನೋಟ್‌ಬುಕ್ ಇರುತ್ತೆ. ಮನೆಯ ಹೆಸರಿನ ಮುಂದೆ ಗುರುತು ಬಿದ್ದಿದ್ದರೆ, ಬೇರೆ ಇಬ್ಬರು ಮತ್ತೆ ಬಂದರೂ ದುಡ್ಡು ಇಸ್ಕೊಳ್ಳಲ್ಲ. ಬಾಗಿಲು ಎಷ್ಟು ಸಲ ತಟ್ಟಿದರೂ ವಂತಿಗೆ ಒಂದೇ ಸಲ. ದುಡ್ಡು ಮುಟ್ಟೋ ಪ್ರತಿ ಬ್ಯಾಕ್‌ಗ್ರೌಂಡ್ ಕೆಲಸಕ್ಕೂ ಈ ನೋಟ್‌ಬುಕ್ ಬೇಕು.

ತಪ್ಪಿಹೋದ ಯುಗಾದಿ

2020ರಲ್ಲಿ ಯುಗಾದಿ ಬಂದಿದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾಗಿದ್ದೂ ಅದೇ ದಿನ. ಭಕ್ತರಿಗೆ ದೇವಸ್ಥಾನಗಳ ಬಾಗಿಲು ಮುಚ್ಚಿತು, ಒಳಗಿನ ನಿತ್ಯಪೂಜೆಗೆ ಅವಕಾಶ ಇತ್ತು. ಬಾಗಿಲು ತೆಗೆದ ಮೇಲೆ ‘ತಪ್ಪಿಹೋದ ಯುಗಾದಿ ಜಾತ್ರೆ ಬಾಕಿ ಇದೆ, ಮುಂದಿನ ವರ್ಷ ಎರಡು ಮಾಡೋಣ’ ಅಂತ ಯಾರೂ ಹೇಳಲಿಲ್ಲ. ಜಾತ್ರೆ ತಪ್ಪಿದರೆ ತಪ್ಪಿತು. ಹರಕೆ ಹಾಗಲ್ಲ. ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತೋನು ಆ ವರ್ಷ ಬರೋಕಾಗದಿದ್ದರೆ ಮುಂದಿನ ವರ್ಷ ಬಂದು ತೀರಿಸಲೇಬೇಕು.

ತಪ್ಪಿಹೋದ ಕೆಲಸಗಳಲ್ಲಿ ಈ ಎರಡು ಜಾತಿ ಇದೆ. ಬೆಳಗ್ಗೆ ಎಂಟರ ಹವಾಮಾನದ ಮೆಸೇಜು ಜಾತ್ರೆ ಥರ. ಸಂಜೆ ಆರಕ್ಕೆ ಸರ್ವರ್ ಎದ್ದರೆ ಅದನ್ನ ಕಳಿಸಬಾರದು. ಬಡ್ಡಿ ಲೆಕ್ಕ ಹರಕೆ ಥರ. ಮೂರು ದಿನ ಸರ್ವರ್ ಮಲಗಿದ್ದರೆ ಎದ್ದ ಮೇಲೆ ಮೂರು ದಿನದ್ದೂ ಹಾಕಬೇಕು. ಕ್ರಾನ್‌ಗೆ ಈ ವ್ಯತ್ಯಾಸ ಗೊತ್ತಿಲ್ಲ. ಯಂತ್ರ ಆಫ್ ಆಗಿದ್ದಾಗ ಹೊತ್ತು ಕಳೆದರೆ ಅದರ ಲೆಕ್ಕದಲ್ಲಿ ಅದು ಹೋಯ್ತು ಅಷ್ಟೇ. ರಾತ್ರಿ ಆಫ್ ಮಾಡೋ ಕಂಪ್ಯೂಟರ್‌ಗಳಿಗೆ ಅಂತ ಆಮೇಲೆ ಅನಾಕ್ರಾನ್ ಬಂತು. ಕೊನೇ ಸಲ ಯಾವಾಗ ಓಡಿತ್ತು ಅಂತ ಬರೆದಿಟ್ಟುಕೊಂಡು, ಬಾಕಿ ಇದ್ದರೆ ಎದ್ದ ಮೇಲೆ ಓಡಿಸುತ್ತೆ. ಆದರೂ ಇದು ಜಾತ್ರೆಯೋ ಹರಕೆಯೋ ಅನ್ನೋದನ್ನ ಯಾವ ಫ್ರೇಮ್‌ವರ್ಕೂ ತಾನಾಗಿ ಹೇಳಲ್ಲ, ಕೋಡ್ ಬರೆಯೋರೇ ಹೇಳಬೇಕು.

ಮಾಡ್ತಿದ್ದವರು

ಇಲ್ಲಿಯ ತನಕ ಊರಿನ ಜಾಣತನ ಹೊಗಳಿದ್ದಾಯ್ತು. ಈಗ ನಾಲ್ಕನೇ ಪ್ರಶ್ನೆ.

ತಮಟೆ ಹೊಡೆಯೋದು, ಕೆರೆ ಏರಿ ಕಾಯೋದು, ಸತ್ತ ದನ ಸಾಗಿಸೋದು, ಅಮಲ್ದಾರರು ಬಂದರೆ ಮುಂದೆ ಓಡಿ ಸುದ್ದಿ ಮುಟ್ಟಿಸೋದು, ರಾತ್ರಿ ಗಸ್ತು. ಇವೆಲ್ಲ ಊರಿನ ಬ್ಯಾಕ್‌ಗ್ರೌಂಡ್ ಕೆಲಸಗಳು. ಇವನ್ನ ಯಾರು ಮಾಡಬೇಕು ಅನ್ನೋದನ್ನ ಹುಟ್ಟೇ ತೀರ್ಮಾನ ಮಾಡ್ತಿತ್ತು. ತೋಟಿಯ ಮಗ ತೋಟಿ. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದಿಂದ ಸಿಗೋ ಆಯ, ಎಲ್ಲೋ ಒಂದಿಷ್ಟು ಇನಾಂ ಜಮೀನು. ಎಷ್ಟೋ ಕಡೆ ಅದೂ ಇಲ್ಲದ ಬಿಟ್ಟಿ ಚಾಕರಿ. ತಮಟೆಯ ಸದ್ದು ಊರಿನ ಎಲ್ಲ ಬೀದಿಗೂ ಹೋಗ್ತಿತ್ತು, ತಮಟೆ ಹೊಡೆಯೋನಿಗೆ ಎಲ್ಲ ಬಾಗಿಲೊಳಗೂ ಪ್ರವೇಶ ಇರಲಿಲ್ಲ. ಅವನಿಗೆ ‘ಒಲ್ಲೆ’ ಅನ್ನೋ ದಾರಿಯೂ ಇರಲಿಲ್ಲ. ವ್ಯವಸ್ಥೆ ಅಷ್ಟು ವರ್ಷ ಅಡಚಣೆ ಇಲ್ಲದೆ ನಡೆದಿದ್ದರೆ ಅದಕ್ಕೆ ಇದೂ ಒಂದು ಕಾರಣ. ಆಯಗಾರರ ಪದ್ಧತಿಯನ್ನ ಸ್ವಾವಲಂಬಿ ಹಳ್ಳಿಯ ಚಂದದ ಚಿತ್ರವಾಗಿ ತೋರಿಸೋ ಲೇಖನಗಳಲ್ಲಿ ಈ ಸಾಲು ಬಿಟ್ಟುಹೋಗಿರುತ್ತೆ.

ಕರ್ನಾಟಕದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯ್ತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಹುದ್ದೆಗಳೆಲ್ಲ ಕಾನೂನಿನ ಪ್ರಕಾರ ಮುಗಿದವು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಆದರೆ ಹುದ್ದೆ ರದ್ದಾದ ಮಾತ್ರಕ್ಕೆ ಕೆಲಸ ರದ್ದಾಗಲ್ಲವಲ್ಲ. ನೀರುಗಂಟಿ ಅನ್ನೋ ಹೆಸರು ಇವತ್ತಿಗೂ ಗ್ರಾಮ ಪಂಚಾಯ್ತಿಯಲ್ಲಿದೆ. ಊರಿನವರ ಬಾಯಲ್ಲಿ ವಾಟರ್‌ಮನ್. ಕೆರೆ ತೂಬಿನ ಬದಲು ಓವರ್‌ಹೆಡ್ ಟ್ಯಾಂಕಿನ ವಾಲ್ವ್. ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಎದ್ದು ಹೋಗಿ ಮೋಟರ್ ಹಾಕಬೇಕು. ಈ ಬೀದಿಗೆ ಅರ್ಧ ಗಂಟೆ, ಆ ಬೀದಿಗೆ ಅರ್ಧ ಗಂಟೆ ಬಿಡಬೇಕು. ಗಡಿಯಾರ, ಹದ, ಸರದಿ ಮೂರನ್ನೂ ಒಬ್ಬನೇ ನೋಡ್ತಾನೆ.

ಯಂತ್ರಕ್ಕೆ ಕೆಲಸ ಒಪ್ಪಿಸಿದ್ದೀವಿ, ನಮ್ಮಲ್ಲಿ ಈ ಸಮಸ್ಯೆ ಇಲ್ಲ ಅಂತ ನಮಗನ್ನಿಸಬಹುದು. ಯಂತ್ರಕ್ಕೆ ಜಾತಿ ಇಲ್ಲ ಅನ್ನೋದು ನಿಜವಾಗಿ ದೊಡ್ಡ ವಿಷಯವೇ. ಆದರೆ ಕ್ರಾನ್ ಕೈಕೊಟ್ಟ ರಾತ್ರಿ ಫೋನ್ ಹೋಗೋದು ಮನುಷ್ಯರಿಗೇ. ಪ್ರತಿ ತಂಡದಲ್ಲೂ ಒಬ್ಬರಿರ್ತಾರೆ, ಯಾವ ಕೆಲಸ ಯಾವಾಗ ಓಡುತ್ತೆ, ಯಾವುದು ಸುಮ್ಮಸುಮ್ಮನೆ ನಿಲ್ಲುತ್ತೆ, ಯಾವುದನ್ನ ಎರಡು ಸಲ ಓಡಿಸಿದರೆ ಅನಾಹುತ ಅಂತ ಅವರೊಬ್ಬರಿಗೇ ಗೊತ್ತು. ಹೊಸ ಫೀಚರ್ ಮಾಡಿದವರಿಗೆ ವರ್ಷದ ಕೊನೆಗೆ ಚಪ್ಪಾಳೆ ಸಿಗುತ್ತೆ. ರಾತ್ರಿಯ 365 ಓಟಗಳನ್ನ ಸರಿಯಾಗಿ ಓಡಿಸಿದವರ ಬಗ್ಗೆ ಹೇಳೋಕೆ ಸ್ಲೈಡ್ ಇರಲ್ಲ. ಯಾಕಂದರೆ ಏನೂ ಆಗಲಿಲ್ಲವಲ್ಲ! ಏನೂ ಆಗದಿರೋದೇ ಅವರ ಕೆಲಸ ಅನ್ನೋದು ಅಪ್ರೈಸಲ್ ಫಾರಮ್ಮಿನಲ್ಲಿ ಹಿಡಿಯಲ್ಲ.

ಇದಕ್ಕೆ ಮಾಡಬಹುದಾದ್ದು ದೊಡ್ಡದೇನಲ್ಲ. ನಿಮ್ಮ ಅಪ್ಲಿಕೇಶನ್‌ನಲ್ಲಿ ತಾನಾಗಿ ಓಡೋ ಎಲ್ಲ ಕೆಲಸಗಳ ಪಟ್ಟಿ ಒಂದು ಪುಟದಲ್ಲಿ ಬರೀರಿ. ಪ್ರತಿಯೊಂದರ ಮುಂದೆ: ಯಾವ ಗಡಿಯಾರ, ಯಾವ ಷರತ್ತು, ಎರಡು ಸಲ ಓಡಿದರೆ ಏನು, ತಪ್ಪಿದರೆ ಜಾತ್ರೆಯೋ ಹರಕೆಯೋ, ಓಡಿತು ಅಂತ ಗೊತ್ತಾಗೋದು ಹೇಗೆ. ಕೆಟ್ಟಾಗ ಮಾತ್ರ ಕೂಗೋ ವ್ಯವಸ್ಥೆ ಸಾಲದು, ಕೂಗೋದೂ ಸತ್ತುಹೋಗಿರಬಹುದು. ‘ಇವತ್ತು ಓಡಿದೆ’ ಅನ್ನೋ ಸುದ್ದಿ ದಿನಾ ಬರಬೇಕು, ಬರದ ದಿನ ಯಾರಾದರೂ ಎದ್ದು ನೋಡಬೇಕು. ಕೊನೆಯ ಕಾಲಮ್ಮಿನಲ್ಲಿ ಮನುಷ್ಯರ ಹೆಸರು: ರಾತ್ರಿ ಕರೆ ಯಾರಿಗೆ ಹೋಗುತ್ತೆ, ಮುಂದಿನ ವಾರ ಯಾರ ಸರದಿ, ಆ ವಾರಕ್ಕೆ ಅವರಿಗೆ ರಜೆಯೋ ಭತ್ಯೆಯೋ ಏನು ಕೊಡ್ತೀವಿ. ಒಬ್ಬರದೇ ಹೆಸರು ಎಲ್ಲ ಸಾಲಿನಲ್ಲೂ ಬಂದರೆ, ಈ ವಾರವೇ ಕೂತು ಇನ್ನಿಬ್ಬರಿಗೆ ಆ ಕೆಲಸ ಕಲಿಸೋಕೆ ಶುರು ಮಾಡಿ.

ಊರಿಗೆ ಹೋದಾಗ ಇನ್ನೊಂದು ವಿಚಾರಿಸಿ ನೋಡಿ. ನಿಮ್ಮ ಪಂಚಾಯ್ತಿಯ ನೀರುಗಂಟಿಗೆ ಈ ತಿಂಗಳ ಸಂಬಳ ಆಯ್ತಾ ಅಂತ. ನಿಮ್ಮಮ್ಮ ಬೆಳಗ್ಗೆ ಐದೂವರೆಗೆ ಬಿಂದಿಗೆ ಹಿಡಿದು ನಿಂತಾಗ ನಲ್ಲಿಯಲ್ಲಿ ನೀರು ಬರ್ತಿದೆ ಅಂದರೆ, ಅದಕ್ಕೂ ಮುಂಚೆ ಯಾರೋ ಎದ್ದು ವಾಲ್ವ್ ತಿರುಗಿಸಿ ಹೋಗಿರ್ತಾರೆ.